ಖಾಲಿ ಪೆಟ್ಟಿಗೆಗಳ ಲಾರಿ

ಸಾಗರದಲ್ಲಿ ಸಾಗರವಿಲ್ಲ.
ಪ್ರತಿ ವರ್ಷ ಹೊಸ ಮಕ್ಕಳು ಈ ಜೋಕು ಹೇಳುತ್ತವೆ,
ನಾನು ಪ್ರತಿ ವರ್ಷ ನಗುತ್ತೇನೆ.
ಪ್ರಾಣಿಶಾಸ್ತ್ರದ ಲ್ಯಾಬಿನ ಬೀಗ ತೆಗೆಯುವುದು, ಹಾಕುವುದು,
ಜಾಡಿಯ ಹಾವಿಗೆ ಫಾರ್ಮಲಿನ್ ತುಂಬುವುದು,
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ.

ಮೊನ್ನೆ ಫ್ಲೋರಿನ್ ಮೇಡಂ
ಕಾಸರಕೋಡಿನ ಅಳಿವೆಯಿಂದ ಒಂದು ಬಾಟಲಿ ನೀರು ತಂದರು,
ಗೇರುಸೊಪ್ಪೆ ಘಾಟಿಯ ಅಷ್ಟೂ ತಿರುವಿನಲ್ಲಿ
ಕೂಸಿನಂತೆ ಮಡಿಲಲ್ಲಿ ಹಿಡಿದು.
"ಗಾಮಪ್ಪಾ, ನೋಡು" ಅಂದರು.
ನೋಡಿದೆ. ಉಪ್ಪುನೀರು, ಒಂದಿಷ್ಟು ಧೂಳು.
ಧೂಳು ಅಲುಗಿತು.

ಮಸೂರದಡಿ ಇಟ್ಟರೆ, ಅಯ್ಯೋ ಇದೆಂಥ ಅವತಾರ!
ನೆತ್ತಿಗೊಂದು ಮುಳ್ಳು, ಮೂಗಿಗೊಂದು ಮುಳ್ಳು,
ಮೈಯೆಲ್ಲ ಗಾಜು, ಮೈಗೆ ಮೀರಿದ ಕಣ್ಣು.
ಕೊಂಬಿಲ್ಲ, ಅಡ್ಡನಡೆಯಿಲ್ಲ.
ಇದು ಏಡಿಯ ಮರಿಯಂತೆ.
ನಾನು ನಂಬಲಿಲ್ಲ.

ನನಗೆ ಗೊತ್ತಿದ್ದ ಏಡಿ ಬೇರೆ.
ತಾಳಗುಪ್ಪದ ಕಡೆಯ ಗದ್ದೆ ಬದುವಿನಲ್ಲಿ
ಸೂಡಿ ಹಿಡಿದು ಅವ್ವನ ಹಿಂದೆ ನಡೆದವನು ನಾನು.
ಹೊಟ್ಟೆಯ ಮಡಿಕೆ ಬಿಡಿಸಿದರೆ ಒಳಗೆ
ಎಳ್ಳಿನಂಥ ಮರಿಗಳು, ಎಂಟೂ ಕಾಲು, ಎರಡೂ ಕೊಂಬು,
ತಾಯಿಯದೇ ಅಚ್ಚು.
ಅಂಥದ್ದನ್ನು ಅವ್ವ ತಿರುಗಿ ಬಿಲದ ಬಾಯಲ್ಲಿ ಇಡುತ್ತಿದ್ದಳು:
"ಬಸುರಿ ಬಾಣಂತಿ ಸಾರಿಗಲ್ಲ ಮಗಾ."

ಕಡಲಿನ ತಾಯಿ ಹಾಗಲ್ಲವಂತೆ.
ರಾತ್ರಿ, ಇಳಿತ ಶುರುವಾಗುವ ಹೊತ್ತು ನೋಡಿ
ಹೊಟ್ಟೆ ಕೊಡವಿ ಲಕ್ಷ ಮರಿ ಬಿಟ್ಟು
ಹೊರಳಿಯೂ ನೋಡದೆ ಕೆಸರಿಗೆ ಹೋಗುತ್ತಾಳಂತೆ.
ಕರುಣೆಯಿಲ್ಲದವಳು ಅಂದೆ.
ಹೊತ್ತು ನೋಡಿದ್ದೇ ಕರುಣೆ, ಅಂದರು ಮೇಡಂ.

ಹೊಳೆಗೆ ಎದುರು ಈಜುವಷ್ಟು ಕಸುವಿಲ್ಲ ಅವಕ್ಕೆ.
ಬರುವುದು ಎರಡೇ: ಏರುವುದು, ಇಳಿಯುವುದು.
ಕಡಲಿಗೆ ಹೋಗಬೇಕೆ, ಇಳಿತದ ನೀರಿಗೆ ಮೇಲೆ ಬಾ.
ನೀರು ತಿರುಗಿತೆ, ತಳಕ್ಕೆ ಹೋಗಿ ಸುಮ್ಮನಿರು.
ಕೊಂಬು ಮೂಡಿದ ಮೇಲೆ ಲೆಕ್ಕ ತಿರುವು,
ಉಬ್ಬರಕ್ಕೆ ಏರು, ಇಳಿತಕ್ಕೆ ಅಡಗು,
ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಳಿವೆಯ ಮನೆಗೆ.
ಎಳೆಯದರಲ್ಲಿ ಅಡ್ಡದ ದಾರಿಯನ್ನೆಲ್ಲ ನೀರಿಗೇ ಬಿಟ್ಟದ್ದು
ದೊಡ್ಡದಾಗಿ ಅಡ್ಡವೇ ನಡೆಯುತ್ತದಲ್ಲ!

ಮೊದಲ ದಿನ ನಲವತ್ತೆರಡು ಎಣಿಸಿದೆ.
ಮರುದಿನ ಹತ್ತೊಂಬತ್ತು.
ಹೆಣಗಳಿಲ್ಲ.
ಉಳಿದವುಗಳ ಹೊಟ್ಟೆ ಗಾಜಿನದಲ್ಲವೆ,
ಒಳಗೆ ಒಡಹುಟ್ಟಿದ ಕಪ್ಪು ಕಣ್ಣು ಕಾಣುತ್ತಿತ್ತು.
ಆ ರಾತ್ರಿ ತಟ್ಟೆಯ ಬಂಗುಡೆಗೆ ಕೈ ಏಳಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು, ಎದ್ದಿತು.

ಮೂರನೆಯ ಬೆಳಿಗ್ಗೆ ಒಂದೇ ಒಂದು.
ಮುಳ್ಳು ಕಳಚಿಟ್ಟಿದೆ. ಪುಟ್ಟ ಎರಡು ಕೊಂಬು ಬಂದಿವೆ.
ಬಾಟಲಿಯಲ್ಲಿ ಏರುತ್ತಿದೆ, ಇಳಿಯುತ್ತಿದೆ.
ಇಲ್ಲಿ ಯಾವ ನೀರು ತಿರುಗಿತೆಂದು?
ಘಾಟಿಯ ಕೆಳಗಿನ ಗಡಿಯಾರವೊಂದು
ಮೈಯೊಳಗೆ ಓಡುತ್ತಿರಬೇಕು.

ಮೇಡಂ ರಜೆ. ಮೇಜಿನ ಮೇಲೆ ಚೀಟಿ:
"ಉಳಿದದ್ದನ್ನು ಫಾರ್ಮಲಿನ್‌ಗೆ ಹಾಕು."
ಮುಚ್ಚಳ ತೆಗೆದೆ. ಇಷ್ಟು ವರ್ಷದಲ್ಲಿ ಮೊದಲ ಸಲ
ಆ ವಾಸನೆಗೆ ಕಣ್ಣು ಉರಿಯಿತು.
ವರದೆಗೆ ಬಿಡೋಣವೆಂದರೆ ಸಿಹಿನೀರು,
ಅದೂ ಮೂಡಲಿಗೆ ಹರಿಯುವವಳು,
ಬೇರೆಯದೇ ಸಮುದ್ರದ ಸೊಸೆ.

ಮಾರ್ಕೆಟ್ಟಿನ ಹಿಂದೆ ಹೊನ್ನಾವರದ ಲಾರಿ
ಮೀನಿಳಿಸಿ, ಪೆಟ್ಟಿಗೆ ತೊಳೆದು, ಹೊರಟು ನಿಂತಿತ್ತು.
ಚೀಟಿಯ ಕೆಳಗೆ "ಹಾಕಿದೆ" ಎಂದು ಬರೆದಿಟ್ಟು ಬಂದಿದ್ದೆ.
"ಎಂತ ಇದ್ರಗೆ?" ಅಂದ ಡ್ರೈವರ್ ಮಾಬ್ಲ.
"ನೀರು."
"ಸಮುದ್ರಕ್ಕೆ ನೀರು ಹಾಕೂಕೆ ಬಾಡ್ಗೆ ಎಷ್ಟು ಕೊಡ್ತೆ?" ನಕ್ಕ.
ಆದರೂ ಸೀಟಿನ ಪಕ್ಕ, ಬಿಸಿಲು ಬೀಳದ ಕಡೆ,
ತನ್ನ ಟವೆಲು ಸುತ್ತಿ ಇಟ್ಟುಕೊಂಡ.

ಸಂಜೆ ಫೋನು ಮಾಡಿದೆ.
"ಸೇತುವೆ ಮೇಲಿಂದ ಸುರುವಿದೆ ಮಾರಾಯ,
ಬಾಟ್ಲಿ ನಾಳೆ ತತ್ತೆ."
ಇಟ್ಟ ಮೇಲೆ ನೆನಪಾಯಿತು,
ಉಬ್ಬರವಿತ್ತೋ, ಇಳಿತವಿತ್ತೋ
ಕೇಳಲೇ ಇಲ್ಲ.