ನಾಲಿಗೆಗೆ ರಜೆ

ಇಪ್ಪತ್ತಾರು ವರ್ಷ ಈ ಮನೆಯೊಳಗೆ ಏಲಕ್ಕಿ ಬರಲಿಲ್ಲ.
ಗಾಳಿಬೀಡಿನಿಂದ ಅಣ್ಣ ಕೊಟ್ಟು ಕಳಿಸಿದ್ದು
ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲೇ ದಾರಿ ತಪ್ಪಿ
ಪಕ್ಕದ ರುಖಿಯಾಳ ಕಪಾಟು ಸೇರುತ್ತಿತ್ತು.
ಪಾಯಸ ಬೇಕೆನಿಸಿದರೆ ಅವಳ ಒಲೆಯಲ್ಲೇ ಮಾಡಿ
ಅಲ್ಲೇ ಕೂತು ತಿಂದು
ಕೈ ತೊಳೆದು, ಸೆರಗು ಕೊಡವಿ ಬರುತ್ತಿದ್ದೆ,
ಶಾಲೆ ತಪ್ಪಿಸಿ ಸಿನಿಮಾ ನೋಡಿದವಳ ಹಾಗೆ.

ಇವರ ನಾಲಿಗೆ ನೌಕರಿಯಲ್ಲಿತ್ತು.
ಕೂಡಿಗೆ ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಉದ್ದ ಮೇಜು, ಬಿಳಿ ಬಟ್ಟಲುಗಳ ಸಾಲು,
ಒಂದೊಂದು ತೋಟದ್ದು ಒಂದೊಂದು ಕಷಾಯ.
ಚಮಚದಲ್ಲೆತ್ತಿ ಸುರ್ರೆಂದು ಎಳೆದು
ಒಂದು ಗಳಿಗೆ ಕಣ್ಣು ಮುಚ್ಚಿ
ಪಕ್ಕದ ಡಬ್ಬಕ್ಕೆ ಉಗುಳಬೇಕು.
ನೆಲದ ಮೇಲೆ ಒಣಗಿಸಿದ್ದು. ಗೋಣಿ ವಾಸನೆ.
ಒಂದು ರಾತ್ರಿ ಹೆಚ್ಚು ಹುಳಿತಿದೆ.
ಇವರು ಅಷ್ಟಂದರೆ ಲಾರಿ ಹಿಂದಕ್ಕೆ ತಿರುಗುತ್ತಿತ್ತು.
ಅಂಥ ನಾಲಿಗೆಗೆ ಬೆಳ್ಳುಳ್ಳಿ ಆಗದು,
ಪಂದಿ ಕರಿ ಶನಿವಾರ ರಾತ್ರಿಗೆ ಮಾತ್ರ,
ನನ್ನ ತಲೆಗೆ ಮಲ್ಲಿಗೆಯೂ ರಜೆ ನೋಡಿಕೊಂಡು.

ಆಮೇಲೆ ಆ ಜ್ವರ.
ಒಂಬತ್ತು ದಿನಕ್ಕೆ ಇಳಿಯಿತು. ಇಳಿಯುವಾಗ
ಮೂಗನ್ನೂ ಜೊತೆಗೊಯ್ದಿತು.
ಕಾಫಿ ಬಿಸಿನೀರಾಯಿತು, ಕಾಚಂಪುಳಿ ಬರೀ ಹುಳಿಯಾಯಿತು.
ಕಾಯಿರಿ, ಎಂದರು ಮಡಿಕೇರಿಯ ಡಾಕ್ಟರು.
ಕಾಯೋಣ, ಎಂದರು ಮ್ಯಾನೇಜರು,
ಹೇಳುತ್ತಲೇ ಹೊಸ ಹುಡುಗನ ಕೈಗೆ ಚಮಚ ಕೊಟ್ಟರು.
ಇವರೀಗ ಹಿತ್ತಲಲ್ಲಿ ಕೂತು
ಒಂದೊಂದೇ ಎಲೆ ಹಿಸುಕಿ ಮೂಗಿಗೆ ಹಿಡಿಯುತ್ತಾರೆ:
ಕಿತ್ತಳೆ ಎಲೆ, ತುಳಸಿ,
ಕೊನೆಗೆ ಸೀಮೆಎಣ್ಣೆ ಡಬ್ಬದ ಮುಚ್ಚಳ.

'ಪೂವಯ್ಯಣ್ಣನಿಗೆ ಇನ್ನು ಯಾರ ಹೆದರಿಕೆ?' ಎಂದಳು ರುಖಿಯಾ.
ಬುಧವಾರ ನನ್ನ ಡಬ್ಬ ವಾಪಸು ತಂದೆ,
ಮುಂಬಾಗಿಲಿನಿಂದಲೇ.

ಹದಿನೆಂಟು ಏಲಕ್ಕಿ, ಸಿಪ್ಪೆ ಸಹಿತ.
ಬೆರಳುದ್ದ ಚಕ್ಕೆ. ಆರು ಲವಂಗ,
ಏಳನೆಯದು ಬಿದ್ದರೆ ಹಲ್ಲುನೋವಿನ ಮದ್ದಾಗುತ್ತದಂತೆ.
ಒಣಶುಂಠಿ ಕಲ್ಲಿನ ಜಾತಿ,
ಬಾಗಿಲ ಸಂದಿಯಲ್ಲಿಟ್ಟು ಮುರಿದೆ.
ಮೆಣಸು ನಮ್ಮ ಹಿತ್ತಲ ಹಲಸಿಗೆ ಹಬ್ಬಿದ್ದು.
ಅವಳು ಹತ್ತು ಕಾಳು ಎಂದಿದ್ದಳು,
ನಾನು ಒಂದು ಮುಷ್ಟಿ ಸುರಿದೆ.
ಬರೀ ಬಾಣಲೆಯಲ್ಲಿ ಬೆಚ್ಚಗಾಗಿಸಿ, ಆರಿಸಿ
ಮಿಕ್ಸಿ ಜಾರಿಗೆ ಹಾಕುವಾಗ ನೋಡಿದೆ,
ಅಲಗಿನ ಬುಡದಲ್ಲಿ ಹಳೆಯ ಕಾಫಿಪುಡಿ ಕಚ್ಚಿಕೊಂಡಿತ್ತು.
ತೊಳೆಯಲಿಲ್ಲ. ಇರಲಿ, ಸಾಕ್ಷಿಗೆ.

ಮುಚ್ಚಳ ತೆಗೆದದ್ದೇ ಸೀನು, ಕಣ್ಣಲ್ಲಿ ನೀರು.
ಗಾಳಿಬೀಡಿನ ಅಟ್ಟದ ಕತ್ತಲೆ,
ಏಲಕ್ಕಿ ಒಣಗಿಸುವ ಗೂಡಿನ ಹೊಗೆ,
ಅವ್ವನ ಹಸಿರು ಹತ್ತಿದ ಉಗುರು,
ಎಲ್ಲ ಒಟ್ಟಿಗೇ ನುಗ್ಗಿ ಅಡುಗೆಮನೆ ಸಾಲದಾಯಿತು.
ಜಗಲಿಯಿಂದ ಇವರು ಕೇಳಿದರು:
'ಏನದು ಸದ್ದು?'

ಅಲ್ಲಿಗೆ ಮುಟ್ಟಿದ್ದು ಸದ್ದು ಮಾತ್ರ.

ಟೀಪುಡಿ ಅಂಗಡಿಯಲ್ಲಿ ಸಂಕೋಚದಿಂದ ಕೇಳಿ ತಂದದ್ದು,
ಕಾಫಿಯ ಊರಲ್ಲಿ ಅದೊಂದು ಚಿಕ್ಕ ದ್ರೋಹ.
ನೀರು, ಅರ್ಧ ಚಮಚ ಪುಡಿ, ಆಮೇಲೆ ಹಾಲು.
ಮೂರು ಸಲ ಉಕ್ಕಿತು, ಮೂರು ಸಲವೂ ಊದಿ ಕೂರಿಸಿದೆ.
ಬೆಲ್ಲ ಇಳಿಸಿದ ಮೇಲೆ,
ಅವಸರ ಮಾಡಿದರೆ ಹಾಲು ಒಡೆಯುತ್ತದೆ.

ಲೋಟ ಕೊಟ್ಟೆ. ಚಮಚ ಕೇಳಿದರು.
ಸುರ್ರೆಂದು ಎಳೆದರು. ಕಣ್ಣು ಮುಚ್ಚಿದರು.
ನಾನು ಉಗುಳಲು ಬೋಗುಣಿ ಹುಡುಕಿದ್ದು ನಿಜ.
ಗಂಟಲ ಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.
ಬಾಯಿಗೆ ಬಂದದ್ದನ್ನೆಲ್ಲ ಉಗುಳಿ
ಇಷ್ಟು ವರ್ಷ ಮನೆಗೆ ಅಕ್ಕಿ ತಂದವರು
ನುಂಗಿದರು.

'ವಾಸನೆ ಇಲ್ಲ' ಎಂದರು.
ತುಸು ತಡೆದು, ಗಂಟಲ ಮೇಲೆ ಬೆರಳಿಟ್ಟು,
'ಇಲ್ಲಿ ಯಾರೋ ಬೆಂಕಿಕಡ್ಡಿ ಗೀರುತ್ತಿದ್ದಾರೆ.'
ಮೆಣಸು, ಎಂದೆ. ನಮ್ಮದೇ, ಹಲಸಿನ ಮರದ್ದು.
'ಬಿಸಿಲ ಕಡೆಯ ಬಳ್ಳಿಯೋ, ನೆರಳಿನದೋ?'

ನನಗೇನು ಗೊತ್ತು.
ಇನ್ನರ್ಧ ಲೋಟ ಬಗ್ಗಿಸಿದೆ.