ಮೂವತ್ತಾರನೆಯದು

ಮಂಡ್ಯದ ಹದಿನೇಳು ಛತ್ರಗಳಲ್ಲಿ
ಯಾವ ಕಿಟಕಿ, ಯಾವ ತಿಂಗಳು, ಎಷ್ಟು ಹೊತ್ತಿಗೆ
ಕಣ್ಣು ಬಿಡುತ್ತದೆಂದು ನನಗೆ ಗೊತ್ತು.
ಕರೆಂಟು ಬಿಲ್ಲುಗಳ ಬೆನ್ನಿಗೆ ಬರೆದು ಬರೆದು
ಒಂದು ಡೈರಿಯೇ ಆಗಿದೆ:
ನೂರಡಿ ರಸ್ತೆಯದು, ಮಾಘ, ಒಂಬತ್ತು ನಲವತ್ತು,
ಧಾರೆಯ ಕೈಗಳ ಮೇಲೇ ಬೀಳುತ್ತದೆ,
ಇರುವುದು ಹನ್ನೊಂದು ನಿಮಿಷ.
ವೈಶಾಖದಲ್ಲಿ ನಂಬಬೇಡ,
ಪಕ್ಕದವರು ಮಹಡಿ ಎತ್ತಿದ್ದಾರೆ.

ಪುರೋಹಿತರು ಪಂಚಾಂಗ ನೋಡುತ್ತಾರೆ, ನಾನು ಇದನ್ನು.
ಇಬ್ಬರ ಲೆಕ್ಕವೂ ತಾಳೆಯಾದ ಮದುವೆ
ಮೂವತ್ತೊಂದು ವರ್ಷದಲ್ಲಿ ನಾಲ್ಕೋ ಐದೋ.
ಉಳಿದವಕ್ಕೆಲ್ಲ ವಿಡಿಯೋದವನ
ಸಾವಿರ ವ್ಯಾಟಿನ ದೀಪ;
ಮದುಮಗ ಬೆವರುತ್ತಾನೆ, ಬಾಸಿಂಗ ಜಾರುತ್ತದೆ,
ಸೋದರಮಾವ ಕರ್ಚೀಫಿಗೆ ತಡಕಾಡುತ್ತಾನೆ.

ಕೆಲಸ ಕಲಿತದ್ದು ಗುತ್ತಲು ರಸ್ತೆಯ ಸಿಂಗ್ರಾಚಾರಿಯವರಲ್ಲಿ.
ಹೆಚ್ಚು ಮಾತಿನವರಲ್ಲ.
"ರೀಲಿಗೆ ಮೂವತ್ತಾರು. ಮೂವತ್ತೈದೇ ಹೊಡಿ.
ಕೊನೇದು ಮಡಿಕ್ಕೊ. ಏನಾರ ಆಯ್ತದೆ."
ಏನಾಗುತ್ತದೆ ಎಂದು ಹೇಳಲಿಲ್ಲ.

ಒಂದು ಸಲ ಆಯಿತು.
ಎಲೆ ಎತ್ತಿದ ಮೇಲೆ, ಉಗ್ರಾಣದಲ್ಲಿ,
ಮದುಮಗನ ಕೂಲಿಂಗ್ ಗ್ಲಾಸು ಹಾಕಿಕೊಂಡು
ಹಲಸಿನಹಣ್ಣಿನ ಗುಡ್ಡೆಗೆ ಒರಗಿ
ಹೆಣ್ಣಿನ ಅಜ್ಜಿ ನಗುತ್ತಿದ್ದಳು, ಯಾರಿಗೂ ಅಲ್ಲ.
ಬಾಗಿಲಸಂದಿನ ಬೆಳಕು, ಡೈರಿಯಲ್ಲಿಲ್ಲದ್ದು.
ಹೊಡೆದೆ. ಆಲ್ಬಮ್ಮಿಗೆ ಬೇಡವೆಂದರು, ಮರ್ಯಾದೆಯ ಪ್ರಶ್ನೆ.

ಹದಿನೆಂಟು ವರ್ಷಕ್ಕೆ ಮೊಮ್ಮಗ ಬಂದ:
"ಆ ಕನ್ನಡಕದ್ದು ಐತಾ ಸಾ?
ಅವ್ವ ನಕ್ಕಿರಾದು ಅದೊಂದೇಯಂತೆ."
ಹುಡುಕಿದೆ. ನೆಗೆಟಿವಿಗೆ ಬೂಷ್ಟು ಹಿಡಿದಿತ್ತು.
ಕನ್ನಡಕ ಉಳಿದಿತ್ತು, ನಗು ಹೋಗಿತ್ತು.
"ಕಂಪ್ಯೂಟರ್‌ನಲ್ಲಿ ಯಾರ್‍ದಾದ್ರೂ ನಗ ಹಾಕ್ಕೊಡಿ" ಅಂದ.

ಇಂಥದ್ದನ್ನೆಲ್ಲ ಕೇಳುತ್ತಾರೆ.
ಹೋದ ವಾರ ಕೀಲಾರದ ತಾಯಿಯೊಬ್ಬಳು:
"ನಮ್ಮುಡ್ಗೀನ ವಸಿ ಬೆಳ್ಳಗ್ ಮಾಡಿ."
ಕಿಟಕಿಯ ಕೆಳಗೆ ಆ ಹುಡುಗಿಯ ಕೆನ್ನೆ
ಕೊಪ್ಪರಿಗೆಯಿಂದ ಆಗಷ್ಟೇ ಅಚ್ಚಿಗೆ ಹೊಯ್ದ ಬೆಲ್ಲ.
ಬೆಳಕು ಬೇರೆ, ಬಿಳುಪು ಬೇರೆ
ಎಂದು ಹೇಳಬೇಕು ಅನ್ನಿಸುತ್ತದೆ.
ಹೇಳುವುದಿಲ್ಲ. ಮೌಸು ಎಳೆಯುತ್ತೇನೆ.
ಐದನೇ ತಾರೀಕು ಅಂಗಡಿ ಬಾಡಿಗೆ.

ಸ್ಟುಡಿಯೋದಲ್ಲೊಂದು ಕೋಟಿದೆ, ನೀಲಿ,
ಬೆನ್ನ ಹಿಂದೆ ಬಟ್ಟೆಕ್ಲಿಪ್ಪು ಸಿಕ್ಕಿಸಿದರೆ ಯಾರಿಗಾದರೂ ಸರಿ.
ಅದರೊಳಗೆ ಹೊಕ್ಕು ಹೊರಬಂದವರು
ಕಂಡಕ್ಟರಾದರು, ಗುಮಾಸ್ತರಾದರು, ಒಬ್ಬ ತಹಸೀಲ್ದಾರನೂ ಆದ.
ನಾನು ಹಾಕಿದ್ದು ಒಂದೇ ಸಲ, ಲೆನ್ಸಿನ ಸಾಲಕ್ಕೆ.
ಮ್ಯಾನೇಜರು ಫೋಟೋ ಚೆನ್ನಾಗಿದೆ ಎಂದರು,
ಸಂಬಳದ ಚೀಟಿ ಕೇಳಿದರು.

ಈಗ ಕಾರ್ಡಿನಲ್ಲಿ ನಾಲ್ಕು ಸಾವಿರ ಹಿಡಿಸುತ್ತದೆ.
ಕೊನೆಯದು ಎಂಬುದೇ ಇಲ್ಲ.
ಸಹಾಯಕ್ಕಿರುವ ಸಿಂಚನಾಳಿಗೆ ಅದನ್ನೇ ಹೇಳಿದರೆ
"ಎಕ್ಸ್‌ಟ್ರಾ ಕಾರ್ಡೂ ತಂದಿದೀನಿ ಸಾರ್" ಅನ್ನುತ್ತಾಳೆ.
ಸೂರ್ಯ ಎಲ್ಲಿ ಹುಟ್ಟುತ್ತಾನೆಂದು
ಅವಳ ಫೋನೇ ಗೆರೆ ಎಳೆದು ತೋರಿಸುತ್ತದೆ;
ನನ್ನ ಡೈರಿ ನೋಡಿ ನಗಲಿಲ್ಲ,
ಒಂದೊಂದೇ ಹಾಳೆಯ ಫೋಟೋ ತೆಗೆದುಕೊಂಡಳು.

ಇವತ್ತು ಬೆಳಗಿನ ಜಾವ ವಿಸಿ ನಾಲೆಯ ಏರಿ.
ಮದುವೆಗೆ ಮುಂಚಿನ ಚಿತ್ರ, ಜೋಡಿ ಬೆಂಗಳೂರಿನಿಂದ ಬರಬೇಕು,
ಮದ್ದೂರಿನಲ್ಲಿ ವಡೆ ತಿನ್ನುತ್ತಿದ್ದಾರಂತೆ.
ಆರು ಇಪ್ಪತ್ತೆರಡಕ್ಕೆ ಬೆಳಕು, ಪ್ಲಾನಿನ ಪ್ರಕಾರ, ಬಂತು.
ಆಲೆಮನೆಯ ಹೊಗೆಯನ್ನು ಸೀಳಿಕೊಂಡು
ನೀರಿನ ಮೇಲೆ, ತೂಬಿನ ಕಲ್ಲಿನ ಮೇಲೆ,
ಡ್ರೋನಿಗೆ ರೆಕ್ಕೆ ಸಿಕ್ಕಿಸುತ್ತ ಕೂತ
ಸಿಂಚನಾಳ ಎಣ್ಣೆ ಹಚ್ಚದ ತಲೆಯ ಮೇಲೆ.

"ಸಾರ್, ಲೈಟ್ ಹೋಗ್ತಿದೆ, ಜನ ಇಲ್ಲದಿದ್ರೂ ಹೊಡೀರಿ."

ಕ್ಯಾಮರಾ ಎತ್ತಿದೆ. ಬೆರಳು ಇಟ್ಟೆ.
ಇಟ್ಟುಕೊಂಡೇ ನಿಂತೆ,
ಬಿಸಿಲು ಬಿಳಿಚಿ
ಕಬ್ಬಿನ ಗರಿಯೆಲ್ಲ ಬರೀ ಗರಿಯಾಗುವವರೆಗೂ.