ಮಿತಿ ಬರೆಯದ ಸಾಲು

ಚಿಕ್ಕಮಗಳೂರು, ಕಡೂರು ರಸ್ತೆ, ಪೆಟ್ರೋಲ್ ಬಂಕಿನ ಪಕ್ಕ
ಬಿಳಿ ಓಮ್ನಿ. ಒಳಗೆ ನಾನು, ಕಂಪ್ಯೂಟರು, ಒಂದು ಕೊಳವೆ.
ಬಂದ ಗಾಡಿಯ ಸೈಲೆನ್ಸರಿಗೆ ತೂರಿಸುತ್ತೇನೆ
ಜ್ವರ ನೋಡುವ ನರ್ಸಿನ ಹಾಗೆ.
"ರೇಸ್ ಮಾಡಿ ಅಣ್ಣಾ. ಸಾಕು, ಬಿಡಿ."

ಪರದೆಯ ಮೇಲೆ ಅಂಕಿಗಳು ಕುಣಿದು ಕೂರುತ್ತವೆ.
ಮೊದಲ ಸಾಲಿಗೆ ಮಿತಿ ಉಂಟು, ಎರಡನೆಯದಕ್ಕೂ ಉಂಟು,
ದಾಟಿದರೆ ಫೇಲು.
ಕಾರ್ಬನ್ ಡೈಆಕ್ಸೈಡಿನ ಸಾಲಿಗೆ ಮಾತ್ರ
ಖಾಲಿ ಮನೆ, ಒಂದು ಅಡ್ಡಗೆರೆ.
ಟ್ರೇನಿಂಗಿನಲ್ಲಿ ಕೇಳಿದ್ದೆ. ಹಾಸನದ ಮೇಷ್ಟ್ರು ನಕ್ಕಿದ್ದರು:
"ಅದು ಜಾಸ್ತಿ ಇದ್ರೆ ಎಂಜಿನ್ ಚೆನ್ನಾಗಿದೆ ಅಂತ ಕಣಮ್ಮ.
ಪೂರ್ತಿ ಉರಿದಿದ್ದೆಲ್ಲ ಕೊನೆಗೆ ಅದೇ ಆಗೋದು."

ಹೋದ ಶನಿವಾರ ಆಲ್ದೂರಿನಾಚೆಯ ಎಸ್ಟೇಟಿನಿಂದ
ಲೋಬೊ ರೈಟರು ಬಂದರು, ಹಳೇ ಸ್ಕೂಟರಲ್ಲಿ.
ಮೂವತ್ತೊಂದು ವರ್ಷ, ದಿನಾ ಎರಡು ಹೊತ್ತು
ಕಣದ ಪಕ್ಕದ ಥರ್ಮಾಮೀಟರ್ ನೋಡಿ ಬರೆದಿಟ್ಟವರು;
ಹೆಂಡತಿಯನ್ನು ಮಣ್ಣಿಗಿಟ್ಟ ದಿನವೂ
ಸಂಜೆಯ ಅಂಕಿ ತಪ್ಪಿಲ್ಲ.
"ಹಗಲಿಂದು ಬಿಡಿ, ಎಲ್ಲರಿಗೂ ಗೊತ್ತಾಗುತ್ತೆ.
ನನಗೆ ಹೆದರಿಕೆ ರಾತ್ರಿದು.
ಜನವರಿಯಲ್ಲೂ ಪಾದರಸ ಮೊದಲಿನಷ್ಟು ಇಳಿಯಲ್ಲ.
ಕತ್ತಲಾಗ್ತಾ ಕಾಫಿ ರಾಶಿಗೆ ಟಾರ್ಪಾಲು ಎಳೀತೀವಲ್ಲ,
ಬೆಳಗ್ಗೆ ಕೈ ಹಾಕಿದ್ರೆ ಒಳಗೆ ಇನ್ನೂ ಬಿಸಿ,
ಹಾಗೆ. ನಮ್ಮ ಮೇಲೆ ಎಳೆದೋರು ಯಾರು?"
ನಾನು ಕೊಳವೆ ಸುತ್ತುತ್ತಿದ್ದೆ.

ಸ್ಕೂಟರು ಪಾಸಾಯಿತು. ಫೋಟೋ, ಸೀಲು, ರುಜು.
ಕಾಗದದ ಅವಧಿ ಆರು ತಿಂಗಳು.
ಈಗಷ್ಟೇ ಬಿಟ್ಟ ಗಾಳಿಗೆ?
ಅವರ ಮೊಮ್ಮಗಳ ಮೊಮ್ಮಗಳು ಕಣದಲ್ಲಿ ನಿಂತಾಗಲೂ
ಅದರದೊಂದು ಪಾಲು ಮೇಲೇ ಇರುತ್ತದಂತೆ.
ರೈಟರ ಪುಸ್ತಕದಲ್ಲಿ ದಿನಕ್ಕೊಂದು ಹೊಸ ಸಾಲು,
ಹಳೆಯದನ್ನು ಯಾರೂ ಅಳಿಸುವುದಿಲ್ಲ.
ಆಕಾಶದ ಬರವಣಿಗೆಯೂ ಅಂಥದೇ ಇರಬೇಕು,
ನಿನ್ನೆಯ ಕೆಳಗೆ ಇವತ್ತು, ಇವತ್ತಿನ ಕೆಳಗೆ,
ಮೊತ್ತ ಮಾತ್ರ ಬಿಸಿಲಲ್ಲಿ ಕಾಣುವುದು.

"ಆ ಖಾಲಿ ಮನೆಯ ಅಂಕಿ ಎಷ್ಟು, ಓದಿ" ಎಂದರು.
ಇಷ್ಟು ವರ್ಷದಲ್ಲಿ ಕೇಳಿದವರು ಅವರೊಬ್ಬರೇ.
"ಎಂಟು ಪಾಯಿಂಟ್ ಆರು."
ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಬರೆದುಕೊಂಡರು
ಬೆಳಗಿನ ಹದಿನೆಂಟೂವರೆ ಡಿಗ್ರಿಯ ಪಕ್ಕದಲ್ಲಿ.
"ಎರಡೂ ಒಂದೇ ಪುಟದಲ್ಲಿರಲಿ."

ಹಿಂದೆ ಗಿರಿಗೆ ಹೊರಟ ಕಾರುಗಳು, ಹಾರ್ನು.
ಪ್ರಿಂಟರಿಗೆ ಕರೆಂಟು ಬೇಕೆಂದು ಬೆಳಗಿನಿಂದ
ನನ್ನ ಓಮ್ನಿಯೂ ಉರಿಯುತ್ತಿತ್ತು,
ಚೆನ್ನಾಗಿಯೇ.